ಚೀಟಿ ಸರಿಯಿದ್ದರೆ ಮಷಿನೂ ಸರಿ: ಕಲಬುರಗಿಯ ಒಂದು ಎಂಆರ್‌ಐ ಸೆಂಟರಿನ ವಿಮರ್ಶೆ

ಮಿದುಳು, ಬೆನ್ನುಹುರಿಯ ಕಾಯಿಲೆಗೆ ಎಂಆರ್‌ಐ ಬೇಕೆಂದರೆ ಸೊಲ್ಲಾಪುರದ ಬಸ್ಸೋ ಹೈದರಾಬಾದಿನ ರೈಲೋ ಹಿಡಿಯಬೇಕಾದ ಕಾಲ ಕಲಬುರಗಿಗೆ ಮುಗಿದಿದೆ. ಊರಲ್ಲೇ ಸೆಂಟರುಗಳಿವೆ. ಇಲ್ಲಿ ತೂಗಿ ನೋಡಿರುವುದು 1.5 ಟೆಸ್ಲಾ (ಮ್ಯಾಗ್ನೆಟ್ಟಿನ ಬಲದ ಅಳತೆ) ಮಷಿನ್ ಇಟ್ಟುಕೊಂಡಿರುವ ಒಂದು ಖಾಸಗಿ ಸೆಂಟರನ್ನು. ಹೆಸರು ಬೇಡ. ಮಂಡಿ, ಭುಜ, ಹೊಟ್ಟೆಯ ಸ್ಕ್ಯಾನ್ ಹೇಗೆ ಎಂಬುದೂ ಇಲ್ಲಿಯ ಮಾತಲ್ಲ. ತೀರ್ಪು ಮೊದಲೇ ಹೇಳಿಬಿಡುವುದಾದರೆ: ಮಷಿನಿಗೆ ಒಳ್ಳೆಯ ಅಂಕ, ಒಳಗೆ ಮಲಗಿಸುವ ಟೆಕ್ನಿಷಿಯನ್ನರಿಗೆ ಅದಕ್ಕಿಂತ ಒಳ್ಳೆಯ ಅಂಕ, ಡಾಕ್ಟರ ಚೀಟಿ ತೆಗೆದುಕೊಳ್ಳುವ ಕೌಂಟರಿಗೆ ಜಸ್ಟ್ ಪಾಸ್.

ಫೋನ್ ಮಾಡುವವರು ಮೊದಲು ಕೇಳುವುದು "ನಿಮ್ಮಲ್ಲಿ 3 ಟೆಸ್ಲಾ ಅದ ಏನ್ರಿ?" ಎಂದು. ಲಕ್ವಾ, ಟಿಬಿ, ಗೆಡ್ಡೆ, ಡಿಸ್ಕ್ ಒತ್ತಡ, ಇವಕ್ಕೆಲ್ಲ 1.5 ಧಾರಾಳ ಸಾಕು. ಔಷಧಿಗೆ ಬಗ್ಗದ ಮೂರ್ಛೆರೋಗದಲ್ಲಿ ಕಾರ್ಟೆಕ್ಸಿನ (ಮಿದುಳಿನ ಹೊರಪದರದ) ಸಣ್ಣ ಹುಟ್ಟುದೋಷ ಹುಡುಕುವಾಗ ಮಾತ್ರ 3 ಟೆಸ್ಲಾದ ಹೆಚ್ಚುವರಿ ಸಿಗ್ನಲ್ ನಿಜವಾಗಿ ಕೆಲಸಕ್ಕೆ ಬರುತ್ತದೆ. ಬೆನ್ನಿಗೆ ರಾಡು, ಸ್ಕ್ರೂ ಹಾಕಿಸಿಕೊಂಡವರಿಗಂತೂ 1.5 ಮೇಲು, ಲೋಹದ ಸುತ್ತ ಚಿತ್ರ ಕಡಿಮೆ ಕೆಡುತ್ತದೆ. ಅದರಲ್ಲೂ ಟೆಕ್ನಿಷಿಯನ್ ಬ್ಯಾಂಡ್‌ವಿಡ್ತ್ (ಸಿಗ್ನಲ್ ಓದುವ ಆವರ್ತನದ ಅಗಲ) ಏರಿಸಿ, ಕೊಬ್ಬಿನ ಹೊಳಪು ಅಡಗಿಸಲು ಮಾಮೂಲಿ ಫ್ಯಾಟ್ ಸ್ಯಾಚುರೇಷನ್ ಬದಲು ಸ್ಟಿರ್ ಎಂಬ ಸೀಕ್ವೆನ್ಸ್ (ಚಿತ್ರ ತೆಗೆಯುವ ವಿಧಾನ) ಹಾಕಬೇಕು; ಇಲ್ಲಿ ಹಾಕುತ್ತಾರೆ. 0.3 ಟೆಸ್ಲಾದ ಓಪನ್ ಮಷಿನು ಸುರಂಗಕ್ಕೆ ಹೆದರುವವರಿಗೆ ಅನುಕೂಲ, ಆದರೆ ಬೆನ್ನುಹುರಿಯೊಳಗಿನ ಸಣ್ಣ ಗಾಯಕ್ಕೆ ಅದನ್ನು ನಂಬುವುದು ಕಷ್ಟ. ಸಿಗ್ನಲ್ ಕಡಿಮೆ, ಹೊತ್ತು ಹೆಚ್ಚು, ಹೊತ್ತು ಹೆಚ್ಚಿದಷ್ಟು ರೋಗಿ ಮಿಸುಕಾಡುವುದೂ ಹೆಚ್ಚು.

ಈಗ ಕೌಂಟರಿನ ದೂರು. ಅಫಜಲಪುರದ ಕಡೆಯಿಂದಲೋ ಜೇವರ್ಗಿಯಿಂದಲೋ ಬಂದವರ ಕೈಲಿ ಚೀಟಿ ಇರುತ್ತದೆ: "ಎಂಆರ್‌ಐ ಎಲ್‌ಎಸ್ ಸ್ಪೈನ್", ಅಂದರೆ ಬೆನ್ನಿನ ಸೊಂಟದ ಭಾಗ. ಬಾಯಲ್ಲಿ ಹೇಳುವುದು ಬೇರೆ: "ಕಾಲು ಬಿಗಿ ಆಗ್ಯಾವ್ರಿ, ನಡೀವಾಗ ಚಪ್ಪಲಿ ಜಾರಿ ಹಿಂದ ಉಳೀತದ, ಗೊತ್ತೇ ಆಗಂಗಿಲ್ಲ." ಈ ಒಂದು ಮಾತಿನಲ್ಲೇ ಅರ್ಧ ರೋಗನಿರ್ಣಯ ಇದೆ. ದೊಡ್ಡವರಲ್ಲಿ ಬೆನ್ನುಹುರಿ ಮುಗಿಯುವುದು ಸೊಂಟದ ಒಂದು ಮತ್ತು ಎರಡನೇ ಮಣಿಯ ಮಟ್ಟದಲ್ಲಿ. ಅದರ ಕೆಳಗಿರುವುದು ಬರೀ ನರಗಳ ಕಟ್ಟು. ಕಾಲು ಸಡಿಲಾಗಿ ಒಂದೇ ಕಡೆ ಸೆಳೆತ ಇದ್ದರೆ ಸೊಂಟದ ಸ್ಕ್ಯಾನ್ ಸರಿ. ಕಾಲು ಬಿಗಿಯಾಗಿ, ಜೋಮು ಎದೆಯಿಂದಲೋ ಹೊಕ್ಕಳಿನಿಂದಲೋ ಕೆಳಗೆ ಇಳಿದು, ಮೂತ್ರ ತಡೆಯಲು ಆಗದಿದ್ದರೆ ತೊಂದರೆ ಮೇಲೆ, ಹುರಿಯಲ್ಲೇ ಇದೆ. ಹೊಕ್ಕಳ ಮಟ್ಟದ ಚರ್ಮಕ್ಕೆ ಎದೆಭಾಗದ ಹತ್ತನೇ ನರ, ಮೊಲೆತೊಟ್ಟಿನ ಮಟ್ಟಕ್ಕೆ ನಾಲ್ಕನೇ ನರ. ಅಂಥವರಿಗೆ ಸೊಂಟದ ಚಿತ್ರ ತೆಗೆದರೆ ವಯಸ್ಸಿಗೆ ಸಹಜವಾದ ಒಂದೆರಡು ಡಿಸ್ಕ್ ಉಬ್ಬು ಸಿಗುತ್ತದೆ, ಅದಕ್ಕೇ ಗುಳಿಗೆ ಬರೆಯುತ್ತಾರೆ, ಕುತ್ತಿಗೆಯಲ್ಲಿ ಹುರಿ ಒತ್ತಿಕೊಳ್ಳುತ್ತಲೇ ಇರುತ್ತದೆ.

ಕೌಂಟರಿನವರು ಕೇಳಬೇಕಾದ್ದು ಮೂರೇ ಪ್ರಶ್ನೆ: ಕಾಲು ಬಿಗಿಯೋ ಸಡಿಲೋ, ಜೋಮು ಎಲ್ಲಿಂದ ಶುರು, ಮೂತ್ರ-ಸಂಡಾಸು ಹಿಡಿತದಲ್ಲಿದೆಯೋ. ಉತ್ತರ ನೋಡಿ ಚಿತ್ರ ಓದುವ ರೇಡಿಯಾಲಜಿಸ್ಟರಿಗೆ ಮುಟ್ಟಿಸಬೇಕು, ಅವರು ಆ ಚೀಟಿ ಬರೆದುಕೊಟ್ಟ ಡಾಕ್ಟರಿಗೆ ಒಂದು ಫೋನ್ ಹಚ್ಚಬೇಕು. ಇಲ್ಲಿ ಚೀಟಿಯಲ್ಲಿದ್ದದ್ದು ಹಾಗೇ ಟೋಕನ್ನಿಗೆ ಇಳಿಯುತ್ತದೆ. ಇಡೀ ಬೆನ್ನಿನ ಒಂದು ಟಿ2 ಸ್ಯಾಜಿಟಲ್ (ನೀರು ಬೆಳ್ಳಗೆ ಕಾಣುವ, ಪಕ್ಕದಿಂದ ನೋಡಿದಂಥ ಉದ್ದಸೀಳಿನ ಚಿತ್ರ) ಸ್ಕ್ರೀನಿಂಗಿಗೆ ಹಿಡಿಯುವುದು ಹೆಚ್ಚೆಂದರೆ ಐದಾರು ನಿಮಿಷ. ಕೇಳಿದವರಿಗೆ ಮಾಡುತ್ತಾರೆ, ಕೇಳದವರಿಗೆ ಇಲ್ಲ. ಕೇಳಿ. ಇನ್ನೊಂದು ಲಾಭವೂ ಇದೆ: ಕೆಲವರಿಗೆ ಸೊಂಟದ ಕೊನೆಯ ಮಣಿ ಕೆಳಗಿನ ಮೂಳೆಗೆ ಅರ್ಧ ಅಂಟಿಕೊಂಡಿರುತ್ತದೆ. ಕುತ್ತಿಗೆಯ ಎರಡನೇ ಮಣಿಯಿಂದ ಎಣಿಸಿಕೊಂಡು ಬರದಿದ್ದರೆ ನಾಲ್ಕನೆಯದು ಐದಾಗಿ, ಸರ್ಜನ್ನು ತಪ್ಪು ಮಟ್ಟ ತೆರೆಯುವ ಅಪಾಯ ಇರುತ್ತದೆ. ಕಾಲು ಇದ್ದಕ್ಕಿದ್ದಂತೆ ಬಿದ್ದು ಮೂತ್ರ ಕಟ್ಟಿದವರಿಗೆ ಮಾತ್ರ ಟೋಕನ್ ಮಾತೇ ಇಲ್ಲ, ಅವರನ್ನು ನೇರ ಆಸ್ಪತ್ರೆಯ ಎಮರ್ಜೆನ್ಸಿಗೆ ಒಯ್ಯಬೇಕು.

ಬೆನ್ನಿನ ಟಿಬಿಯಲ್ಲಿ ಇಡೀ ಬೆನ್ನು ನೋಡುವುದು ಕಡ್ಡಾಯ ಎನ್ನಬಹುದು. ನೋವು ಒಂದು ಕಡೆ ಇದ್ದರೂ ನಡುವೆ ಆರೋಗ್ಯವಾದ ಮಣಿಗಳನ್ನು ಬಿಟ್ಟು ಮತ್ತೊಂದು ಕಡೆ ಗೂಡು ಕಟ್ಟಿರಬಹುದು. ಅಕ್ಕಪಕ್ಕದ ಎರಡು ಮಣಿ, ನಡುವಿನ ಡಿಸ್ಕ್, ಪಕ್ಕದಲ್ಲಿ ತೆಳುಗೋಡೆಯ ಕೀವಿನ ಚೀಲ, ಇದು ಮಾಮೂಲಿ ಚಿತ್ರ. ರೋಗ ಹಿಡಿದ ಮಣಿ ಟಿ1 ಅಲ್ಲಿ (ಕೊಬ್ಬು ಬೆಳ್ಳಗೆ ಕಾಣುವ ಸೀಕ್ವೆನ್ಸ್) ಕಪ್ಪು, ಸ್ಟಿರ್‌ನಲ್ಲಿ ಬೆಳ್ಳಗೆ. ಈ ಸೆಂಟರಿನ ರಿಪೋರ್ಟುಗಳಲ್ಲಿ ಕೀವಿನ ಚೀಲದ ಅಳತೆ, ಹುರಿ ಎಷ್ಟು ಒತ್ತಿದೆ, ಹುರಿಯ ಬಣ್ಣ ಬದಲಾಗಿದೆಯೇ, ಮೂರನ್ನೂ ಬರೆಯುತ್ತಾರೆ. ಮೆಚ್ಚಬೇಕಾದ್ದು.

ನಮ್ಮ ಸೀಮೆಗೆ ಸೇರಿದ ಇನ್ನೊಂದು ಸಂಗತಿ ಫ್ಲೋರೈಡ್. ಕಲಬುರಗಿ, ಯಾದಗಿರಿ ಜಿಲ್ಲೆಗಳ ಕೆಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟುತ್ತದೆ. ವರ್ಷಗಟ್ಟಲೆ ಕುಡಿದವರಲ್ಲಿ ಬೆನ್ನಿನ ಲಿಗಮೆಂಟುಗಳು (ಮಣಿಗಳನ್ನು ಕಟ್ಟಿಹಿಡಿಯುವ ಪಟ್ಟಿಗಳು) ಮೂಳೆಯಾಗಿ ದಪ್ಪಗಾಗಿ ಹುರಿಯನ್ನು ಹಿಂದಿನಿಂದಲೋ ಮುಂದಿನಿಂದಲೋ ಹಿಸುಕಬಹುದು. ಎಂಆರ್‌ಐಯಲ್ಲಿ ಆ ಮೂಳೆ ಬರೀ ಕಪ್ಪು ಪಟ್ಟಿ, ಗಟ್ಟಿ ಲಿಗಮೆಂಟೂ ಕಪ್ಪೇ. ಹುರಿಯ ಸ್ಥಿತಿಗೆ ಎಂಆರ್‌ಐ, ಮೂಳೆಯ ಲೆಕ್ಕಕ್ಕೆ ಸಿಟಿ ಸ್ಕ್ಯಾನ್, ಎರಡೂ ಬೇಕು. ರಿಪೋರ್ಟಿನಲ್ಲಿ "ಸಿಟಿ ಮಾಡಿಸಿ" ಎಂದಿದ್ದರೆ ದುಡ್ಡು ಹೊಡೆಯುತ್ತಿದ್ದಾರೆಂದು ತಿಳಿಯಬೇಡಿ.

ಬಟ್ಟೆ ಬದಲಿಸುವ ಕೋಣೆ ಈ ಸೆಂಟರಿನ ಹೆಗ್ಗಳಿಕೆ. ಮ್ಯಾಗ್ನೆಟ್ ಹಗಲೂ ರಾತ್ರಿ ಆನ್, ಕರೆಂಟ್ ಹೋದರೂ ಎಳೆತ ಹೋಗುವುದಿಲ್ಲ. ಆಕ್ಸಿಜನ್ ಸಿಲಿಂಡರ್, ಸ್ಟ್ರೆಚರ್, ಗಾಲಿಕುರ್ಚಿ ಬಾಗಿಲಲ್ಲೇ ನಿಲ್ಲಬೇಕು. ಫಾರಂ ತುಂಬಿಸಿಕೊಂಡ ಮೇಲೂ ಬಾಯಿಬಿಟ್ಟು ಕೇಳುತ್ತಾರೆ, ಅದೂ ಇಲ್ಲಿಯ ಜನ ಮೈಮೇಲೆ ಏನೇನು ಇಟ್ಟುಕೊಳ್ಳುತ್ತಾರೆಂದು ಬಲ್ಲ ಪ್ರಶ್ನೆ: "ಕಾಕಾ, ಉಡದಾರ ಅದ ಏನ್ರಿ? ರಟ್ಟಿಗಿ ತಾಯಿತ? ಯವ್ವಾ, ಸೀರಿಗಿ ಪಿನ್ನ ಹಚ್ಚೀರಿ ಏನು?" ಜರಿ ಸೀರೆ, ಬುರ್ಖಾದ ಪಿನ್ನು ಹೊರಗೆ, ಕಣ್ಣಿನ ಸುರ್ಮಾ ಒರೆಸಿಸುತ್ತಾರೆ, ಬೆರಳಿಗೆ ಕಚ್ಚಿದ ಕಾಲುಂಗುರಕ್ಕೆ ಸೋಪಿನ ನೀರು. ಲಿಂಗದ ಬೆಳ್ಳಿ ಕರಡಿಗೆ ಬಿಚ್ಚಲು ಹಿರಿಯರು ಹಿಂಜರಿಯುತ್ತಾರೆ. ಬೆಳ್ಳಿಯನ್ನು ಮ್ಯಾಗ್ನೆಟ್ ಎಳೆಯುವುದಿಲ್ಲ ನಿಜ, ಆದರೆ ಎದೆಯ ಮೇಲೆ ತೂಗುವ ಲೋಹ ಅಲ್ಲಿಯ ಚಿತ್ರವನ್ನು ಕೆಡಿಸುತ್ತದೆ, ರೇಡಿಯೊ ಅಲೆಗೆ ಬಿಸಿಯೂ ಆಗಬಹುದು. ಕರಡಿಗೆಯನ್ನು ಲಾಕರಿಗೆ ಹಾಕಿಸದೆ ಮನೆಯವರ ಕೈಗೇ ಕೊಡಿಸುತ್ತಾರೆ. ಅಜ್ಜಂದಿರು ಒಪ್ಪುವುದು ಅಷ್ಟಕ್ಕೇ.

ಸೇಡಂ, ವಾಡಿಯ ಸಿಮೆಂಟ್ ಕಾರ್ಖಾನೆ, ಶಹಾಬಾದಿನ ಕಲ್ಲಿನ ಕೆಲಸದ ಕಡೆಯಿಂದ ಬರುವವರಿಗೆ ಮತ್ತೊಂದು ಪ್ರಶ್ನೆ: ವೆಲ್ಡಿಂಗ್, ಗ್ರೈಂಡಿಂಗ್ ಮಾಡುವಾಗ ಕಣ್ಣಿಗೆ ಕಬ್ಬಿಣದ ಚೂರು ಸಿಡಿದಿತ್ತೇ? ಹೌದೆಂದರೆ ಮೊದಲು ಕಣ್ಣುಗೂಡಿನ ಎಕ್ಸ್‌ರೇ. ಒಳಗೆ ಉಳಿದ ಚೂರು ಮ್ಯಾಗ್ನೆಟ್ಟಿನಲ್ಲಿ ಸರಿದರೆ ದೃಷ್ಟಿಯೇ ಹೋಗಬಹುದು. ಪೇಸ್‌ಮೇಕರ್, ಕಿವಿಯ ಕಾಕ್ಲಿಯರ್ ಇಂಪ್ಲಾಂಟ್, ಮಿದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್ ಇದ್ದವರು ಇಂಪ್ಲಾಂಟ್ ಕಾರ್ಡ್ ತರದೆ ಬಂದರೆ ವಾಪಸು ಕಳಿಸುತ್ತಾರೆ, ಜಗಳ ಮಾಡಬೇಡಿ. ತಲೆಯ ಶಂಟ್ (ಮಿದುಳಿನ ಹೆಚ್ಚುವರಿ ನೀರು ಹರಿಸುವ ನಳಿಕೆ) ಪ್ರೋಗ್ರಾಮ್ ಮಾಡುವಂಥದ್ದಾಗಿದ್ದರೆ ಸ್ಕ್ಯಾನ್ ಆದ ಮೇಲೆ ಅದರ ಸೆಟ್ಟಿಂಗ್ ಬದಲಾಗಿದೆಯೇ ಎಂದು ನ್ಯೂರೋಸರ್ಜನ್ನರ ಹತ್ತಿರ ನೋಡಿಸಬೇಕು. ಇದನ್ನು ಇಲ್ಲಿ ಯಾರೂ ಹೇಳುವುದಿಲ್ಲ.

ಒಳಗೆ ಮಲಗಿಸುವ ಕೈಗೆ ಪಳಗಿದ ಹದ ಇದೆ. ತಲೆಯ ಕಾಯಿಲಿನಲ್ಲಿ (ಸಿಗ್ನಲ್ ಹಿಡಿಯುವ ಪಂಜರ) ಕಿವಿಯ ಎರಡೂ ಬದಿಗೆ ಸ್ಪಂಜು ಒತ್ತಿ ಇಡುತ್ತಾರೆ, ಮಂಡಿಯ ಕೆಳಗೆ ದಿಂಬು ಕೊಟ್ಟು ಸೊಂಟದ ನೋವು ತಗ್ಗಿಸುತ್ತಾರೆ, ಕೈಗೆ ಕರೆಗಂಟೆಯ ಬುಡ್ಡಿ, ಕಿವಿಗೆ ಪ್ಲಗ್ಗು, ಮೇಲೆ ಹೆಡ್‌ಫೋನ್. ಸದ್ದು 100 ಡೆಸಿಬಲ್ ದಾಟಬಹುದು, ಆದ್ದರಿಂದ ಹತ್ತಿ ತುರುಕಿ ಕಳಿಸಿದರೆ ಒಪ್ಪಬೇಡಿ. ಕೈ ಕೈ ಹೆಣೆದುಕೊಳ್ಳಬಾರದು, ಚರ್ಮಕ್ಕೆ ಚರ್ಮ ತಾಗಿ ಸುತ್ತು ಕೂಡಿದಲ್ಲಿ ಸುಡಬಹುದು. ಮಿದುಳಿನ ಮಾಮೂಲಿ ಸ್ಕ್ಯಾನಿಗೆ 20ರಿಂದ 25 ನಿಮಿಷ, ಬೆನ್ನಿನ ಒಂದು ಭಾಗಕ್ಕೆ 15ರಿಂದ 20, ಕಾಂಟ್ರಾಸ್ಟ್ (ಚಿತ್ರ ಎದ್ದು ಕಾಣಲು ಚುಚ್ಚುವ ಔಷಧಿ) ಇದ್ದರೆ ಇನ್ನೊಂದು ಹತ್ತು.

ಕುತ್ತಿಗೆಯ ಚಿತ್ರ ಕೆಡಲು ಮುಖ್ಯ ಕಾರಣ ಉಗುಳು ನುಂಗುವುದು. ಗಂಟಲಿನ ಮೇಲೆ ಸ್ಯಾಚುರೇಷನ್ ಪಟ್ಟಿ (ಆ ಜಾಗದ ಸಿಗ್ನಲ್ ಅಡಗಿಸುವ ಪಟ್ಟಿ) ಹಾಕಿದರೆ ನೆರಳು ತಗ್ಗುತ್ತದೆ. ಎದೆಭಾಗದ ಟಿ2 ಅಲ್ಲಿ ಹುರಿಯ ಹಿಂದೆ ಕಾಣುವ ಕಪ್ಪು ತುಣುಕುಗಳು ಬಹಳ ಸಲ ಬೆನ್ನುನೀರಿನ ಹರಿವಿನವು, ಗೆಡ್ಡೆಯವಲ್ಲ. ಹುರಿಯ ನಟ್ಟನಡುವೆ ಉದ್ದಕ್ಕೂ ಒಂದು ತೆಳು ಬಿಳಿ ಗೆರೆ ಕಂಡರೆ ಹುರಿಯೊಳಗೆ ನೀರು ತುಂಬಿದೆ ಎಂದು ಗಾಬರಿಪಡುವ ಮೊದಲು ಅಡ್ಡಕೊಯ್ತದ ಚಿತ್ರ ನೋಡಬೇಕು. ಮ್ಯಾಟ್ರಿಕ್ಸ್ (ಚಿತ್ರದ ಚುಕ್ಕೆಗಳ ಸಂಖ್ಯೆ) ಕಡಿಮೆ ಇಟ್ಟು ಸಮಯ ಉಳಿಸಿದಾಗ ಮಷಿನೇ ಆ ಗೆರೆ ಹುಟ್ಟಿಸುತ್ತದೆ. ಸಂಜೆ ರೋಗಿಗಳು ತುಂಬಿದ ಹೊತ್ತಿನ ಸ್ಕ್ಯಾನುಗಳಲ್ಲಿ ಈ ಕೈಚಳಕ ಇಲ್ಲೂ ಕಾಣುತ್ತದೆ. ಬೆಳಗಿನ ಸ್ಲಾಟ್ ಸಿಕ್ಕರೆ ಬಿಡಬೇಡಿ.

ಮಿದುಳಿನ ವಿಷಯಕ್ಕೆ ಬಂದರೆ, ಟಿ1, ಟಿ2, ಫ್ಲೇರ್ (ಮಿದುಳುನೀರಿನ ಹೊಳಪು ಅಡಗಿಸುವುದು), ಡಿಫ್ಯೂಷನ್ (ನೀರಿನ ಕಣಗಳ ಚಲನೆ ತೋರಿಸುವುದು), ಎಸ್‌ಡಬ್ಲ್ಯುಐ (ರಕ್ತದ ಕಲೆ ತೋರಿಸುವುದು) ಐದು ಸೀಕ್ವೆನ್ಸುಗಳನ್ನೂ ಎಲ್ಲರಿಗೂ ಮಾಡುತ್ತಾರೆ. ಲಕ್ವಾ ಹೊಡೆದು ಗಂಟೆಯೊಳಗೇ ಡಿಫ್ಯೂಷನ್ನಿನಲ್ಲಿ ಬೆಳ್ಳಗೆ, ಎಡಿಸಿ ನಕ್ಷೆಯಲ್ಲಿ (ಅದೇ ಚಲನೆಯ ಅಳತೆ) ಕಪ್ಪಗೆ ಕಾಣಬಹುದು. ಎರಡರಲ್ಲೂ ಬೆಳ್ಳಗಿದ್ದರೆ ಅದು ಹಳೆಯ ಗಾಯದ ಹೊಳಪಿರಬಹುದು, ಬರೀ ಡಿಫ್ಯೂಷನ್ ಫಿಲ್ಮ್ ತೋರಿಸಿದರೆ ಸಾಲದು. ಹಿಂಭಾಗದ ಮಿದುಳಿನ ಸಣ್ಣ ಲಕ್ವಾ ಮೊದಲ ದಿನ ಕಾಣದೇ ಹೋಗುವುದೂ ಉಂಟು. ಆದರೆ ಬಾಯಿ ಸೊಟ್ಟಗಾಗಿ ಕೈ ಬಿದ್ದವರನ್ನು ಮೊದಲು ಇಂಥ ಸೆಂಟರಿಗೆ ತರುವುದೇ ತಪ್ಪು. ರಕ್ತಗಡ್ಡೆ ಕರಗಿಸುವ ಇಂಜೆಕ್ಷನ್ನಿಗೆ ಇರುವುದು ನಾಲ್ಕೂವರೆ ಗಂಟೆ. ಸಿಟಿ ಇರುವ ಆಸ್ಪತ್ರೆಗೆ ಒಯ್ಯಿರಿ, ರಕ್ತಸ್ರಾವ ಇಲ್ಲವೆಂದು ತಿಳಿಯಲು ಅದು ಸಾಕು.

ಮೊದಲ ಸಲ ಫಿಟ್ಸ್ ಬಂದವರಲ್ಲಿ ಉಂಗುರದಂತೆ ಹೊಳೆಯುವ ಒಂದು ಚುಕ್ಕೆ ಸಿಕ್ಕರೆ ಪ್ರಶ್ನೆ ಒಂದೇ: ಲಾಡಿಹುಳದ ಮರಿಗೂಡೋ, ಟಿಬಿ ಗಂಟೋ? ಗೂಡಿನೊಳಗೆ ಹುಳದ ತಲೆ ಚುಕ್ಕೆಯಾಗಿ ಕಂಡರೆ ಮಾತು ಮುಗಿಯಿತು. ಅದಕ್ಕೆ 5 ಮಿಲಿಮೀಟರಿನ ದಪ್ಪ ಹೋಳು ಸಾಲದು, 1 ಮಿಲಿಮೀಟರ್ ಒಳಗಿನ 3ಡಿ ಸೀಕ್ವೆನ್ಸ್ ಬೇಕು. 20 ಮಿಲಿಮೀಟರಿಗಿಂತ ದೊಡ್ಡದು, ಅಂಚು ಅಂಕುಡೊಂಕು, ಟಿ2 ಅಲ್ಲಿ ನಡುಭಾಗ ಕಪ್ಪು, ಸ್ಪೆಕ್ಟ್ರೋಸ್ಕೋಪಿಯಲ್ಲಿ (ಗಂಟಿನ ರಾಸಾಯನಿಕ ಅಂಶ ಅಳೆಯುವ ಪರೀಕ್ಷೆ) 1.3 ಪಿಪಿಎಂ ಹತ್ತಿರ ಲಿಪಿಡ್ (ಕೊಬ್ಬಿನ) ಶಿಖರ ಇದ್ದರೆ ಟಿಬಿಯ ಕಡೆ ತಕ್ಕಡಿ ವಾಲುತ್ತದೆ. ಚೀಟಿಯಲ್ಲಿ "ಎಪಿಲೆಪ್ಸಿ ಪ್ರೋಟೋಕಾಲ್" ಎಂದು ಬರೆದಿದ್ದರೆ ಹಿಪ್ಪೋಕ್ಯಾಂಪಸ್ಸಿಗೆ (ನೆನಪಿಗೆ ಸಂಬಂಧಿಸಿದ ಮಿದುಳಿನ ಭಾಗ) ನೇರ ಅಡ್ಡಲಾಗಿ ತೆಳು ಕೊರೋನಲ್ (ಮುಖದೆದುರಿಂದ ನೋಡಿದಂಥ) ಹೋಳು ಸೇರಿಸುತ್ತಾರೆ; "ಎಂಆರ್‌ಐ ಬ್ರೇನ್" ಎಂದಷ್ಟೇ ಇದ್ದರೆ ಸೇರಿಸುವುದಿಲ್ಲ. ಮತ್ತೆ ಚೀಟಿಯ ಕಥೆಯೇ.

ಕಾಂಟ್ರಾಸ್ಟ್ ಬಗ್ಗೆ ಇಲ್ಲಿ ಎಚ್ಚರವಿದೆ. ಕ್ರಿಯಾಟಿನಿನ್ (ಮೂತ್ರಪಿಂಡದ ರಕ್ತಪರೀಕ್ಷೆ) ರಿಪೋರ್ಟ್ ಇಲ್ಲದೆ ಗ್ಯಾಡೊಲಿನಿಯಂ ಎಂಬ ಕಾಂಟ್ರಾಸ್ಟ್ ಔಷಧಿ ಹಾಕುವುದಿಲ್ಲ, ಇಜಿಎಫ್‌ಆರ್ (ಮೂತ್ರಪಿಂಡ ರಕ್ತ ಸೋಸುವ ವೇಗ) 30ಕ್ಕಿಂತ ಕೆಳಗಿದ್ದರೆ ಮೂತ್ರಪಿಂಡದ ಡಾಕ್ಟರಾದ ನೆಫ್ರಾಲಜಿಸ್ಟರ ಮಾತು ಕೇಳುತ್ತಾರೆ, ಗರ್ಭಿಣಿಯರಿಗೆ ಹಾಕುವುದೇ ಇಲ್ಲ. ಮಾಮೂಲಿ ಔಷಧಿಯಾದರೆ ಕಿಲೋಗೆ 0.2 ಮಿಲಿಲೀಟರ್, ಅಂದರೆ 60 ಕಿಲೋ ಇರುವವರಿಗೆ 12. ಬಾಟಲಿ ಯಾವುದೆಂದು ಕೇಳಿ, ಮ್ಯಾಕ್ರೋಸೈಕ್ಲಿಕ್ (ಗ್ಯಾಡೊಲಿನಿಯಂ ಅನ್ನು ಬಿಗಿಯಾಗಿ ಹಿಡಿದಿಡುವ) ಜಾತಿಯ ಗ್ಯಾಡೊಟೆರೇಟ್, ಗ್ಯಾಡೊಬ್ಯೂಟ್ರಾಲ್ ಮೇಲು. ಗ್ಯಾಡೊಬ್ಯೂಟ್ರಾಲ್ ಗಾಢತೆ ದುಪ್ಪಟ್ಟು, ಅಳತೆ ಅರ್ಧ. ಸಣ್ಣ ಮಕ್ಕಳಿಗೆ ನಿದ್ದೆ ಬರಿಸಬೇಕಾದರೆ ಊಟ ಆರು ಗಂಟೆ, ಎದೆಹಾಲು ನಾಲ್ಕು, ಬರೀ ನೀರು ಎರಡು ಗಂಟೆ ಮೊದಲು ನಿಲ್ಲಿಸಿ. ಅರಿವಳಿಕೆ ಡಾಕ್ಟರು ಬರುವ ದಿನ ಕೇಳಿಕೊಂಡೇ ಬನ್ನಿ.

ಏಪ್ರಿಲ್, ಮೇನಲ್ಲಿ ಬರುವವರು ಅರ್ಧ ದಿನ ಕೈಯಲ್ಲಿ ಇಟ್ಟುಕೊಂಡು ಬರಬೇಕು. ಹೊರಗೆ 42, 43 ಡಿಗ್ರಿ ಇರುವಾಗ ಮಷಿನನ್ನು ತಂಪಾಗಿಡುವ ಚಿಲ್ಲರ್ ಏದುಸಿರು ಬಿಡುತ್ತದೆ, ಒಳಗಿನ ಗ್ರೇಡಿಯೆಂಟ್ ಸುರುಳಿ ಬಿಸಿಯಾಗಿ ಮಷಿನು ನಡುವೆ ನಿಲ್ಲುತ್ತದೆ. ಒಳಗಿನ ದ್ರವ ಹೀಲಿಯಂ ಮೈನಸ್ 269 ಡಿಗ್ರಿಯಲ್ಲಿರಬೇಕು, ಚಿಲ್ಲರ್ ಸತ್ತರೆ ಅದು ಆವಿಯಾಗತೊಡಗುತ್ತದೆ, ಹಾಗಾಗಿ ಅವರು ರೋಗಿಗಿಂತ ಮೊದಲು ಚಿಲ್ಲರ್ ನೋಡುತ್ತಾರೆ. ಅದಕ್ಕೆ ಸಿಟ್ಟಾಗಿ ಉಪಯೋಗವಿಲ್ಲ.

ರಿಪೋರ್ಟ್ ಮರುದಿನ, ತುರ್ತಿದ್ದರೆ ಅದೇ ದಿನ. ಫಿಲ್ಮ್ ಹಾಳೆ ಕೊಡುತ್ತಾರೆ, ಸಿಡಿ ಕೇಳದಿದ್ದರೆ ಕೊಡುವುದಿಲ್ಲ. ನೂರಾರು ಚಿತ್ರಗಳಲ್ಲಿ ಆಯ್ದ ಕೆಲವನ್ನು ಅಂಚೆಚೀಟಿ ಗಾತ್ರಕ್ಕೆ ಇಳಿಸಿ ಅಚ್ಚು ಹಾಕಿದ ಫಿಲ್ಮನ್ನು ಬೆಂಗಳೂರಿನ ನಿಮ್ಹಾನ್ಸಿಗೋ ಹೈದರಾಬಾದಿಗೋ ಒಯ್ದರೆ ಅಲ್ಲಿಯವರು ಮತ್ತೆ ಸ್ಕ್ಯಾನ್ ಬರೆಯಬಹುದು. ಡೈಕಾಮ್ (ಮಷಿನು ತೆಗೆದ ಮೂಲ ಚಿತ್ರಗಳ) ಫೈಲುಗಳಿರುವ ಸಿಡಿಯನ್ನೇ ಕೇಳಿ ಪಡೆಯಿರಿ, ಜೆಪೆಗ್ ಫೋಟೋ ಬೇಡ. ಕೌಂಟರಿನ ಕಂಪ್ಯೂಟರಿನಲ್ಲೇ ಒಮ್ಮೆ ತೆರೆಸಿ, ನಿಮ್ಮ ಹೆಸರು, ವಯಸ್ಸು, ಎಡ-ಬಲ ಗುರುತು ನೋಡಿಕೊಳ್ಳಿ. ಫಿಲ್ಮನ್ನು ಬಸ್ಸಿನ ಕಿಟಕಿ ಬದಿಯ ಬಿಸಿಲಿಗೋ ಕಾರಿನ ಡ್ಯಾಶ್‌ಬೋರ್ಡಿಗೋ ಇಡಬೇಡಿ. ಅದು ಶಾಖದಿಂದ ಅಚ್ಚಾಗುವ ಹಾಳೆ, ನಮ್ಮ ಬೇಸಿಗೆಯಲ್ಲಿ ಆಳಂದ ಮುಟ್ಟುವುದರೊಳಗೆ ಕಪ್ಪೇರಲು ಶುರುವಾಗಬಹುದು.