ಮನೆಯ ಜಾಮಿಗೆ ಕೊಂಡ ಗಾಜಿನ ಜಾಡಿಗಳು

ಅನಾನಸ್ ಜಾಮ್ ತುಂಬಿಡಲೆಂದು ಕಳೆದ ಬೇಸಿಗೆಯಲ್ಲಿ ಕೊಂಡ, ಲೋಹದ ತಿರುಗುಮುಚ್ಚಳವುಳ್ಳ ಈ ಗಾಜಿನ ಜಾಡಿಗಳು ಮಲೆನಾಡಿನ ಮಳೆಗಾಲವನ್ನೂ ದಾಟಿದವು; ಜಾಮಿನ ಮೇಲೆ ಬೂಷ್ಟಿನ ಸುಳಿವೂ ಕಾಣಲಿಲ್ಲ. ಖಾಲಿ ಜಾಡಿಗಳನ್ನು 10 ನಿಮಿಷ ನೀರಿನಲ್ಲಿ ಕುದಿಸಿ, ಬಿಸಿ ಜಾಮನ್ನು ಬಾಯಿಯಿಂದ ಕಾಲು ಅಂಗುಲ ಕೆಳಗಿನವರೆಗೆ ತುಂಬಿ, ಅಂಚನ್ನು ಶುಚಿಯಾಗಿ ಒರೆಸಿ ಮುಚ್ಚಿದ ಮೇಲೆ, ಮತ್ತೆ 10 ನಿಮಿಷ ಕುದಿಯುವ ನೀರಿನಲ್ಲಿ ಮುಳುಗಿಸಿಟ್ಟಿದ್ದೆ. ಆರುವಾಗ ಒಳಗಿನ ಒತ್ತಡ ಕುಗ್ಗಿ ಮುಚ್ಚಳದ ನಡುಭಾಗ ‘ಟಕ್’ ಎಂದು ಒಳಕ್ಕೆ ಕುಸಿಯಿತು. ಆ ಸದ್ದು ಕೇಳಿದಾಗ ಆದ ಸಮಾಧಾನ ದೊಡ್ಡದು. ಗಾಜು ಗಟ್ಟಿಯಾಗಿದೆ, ಬಾಯಿಯೂ ಅಗಲವಾಗಿದೆ. ಕೊರತೆಯಿರುವುದು ಮುಚ್ಚಳದ ಒಳಪದರದಲ್ಲಿ: ಎರಡನೆಯ ಬಳಕೆಗೇ ಮೂರು ಮುಚ್ಚಳಗಳು ಬಿಗಿಯಾಗಿ ಕೂರಲಿಲ್ಲ, ಹಾಗಾಗಿ ಆ ಜಾಮನ್ನು ಕೂಡಲೇ ಫ್ರಿಜ್ಜಿಗೆ ಸೇರಿಸಬೇಕಾಯಿತು. ಪ್ರತಿ ಸಲವೂ ಹೊಸ ಮುಚ್ಚಳ ಬೇಕಾಗುವುದರಿಂದ, ಅಂಗಡಿಯವರು ಅವನ್ನು ಬಿಡಿಯಾಗಿ ಮಾರದಿರುವುದು ನನಗೆ ನಿಜಕ್ಕೂ ಬೇಸರ ತಂದಿದೆ.