ನಂದಿ ಬೆಟ್ಟದ ಚಳಿ ರಸ್ತೆಗೆ ಸೆಮಿ-ಸ್ಲಿಕ್ ಟೈರಾ, ಪೈಲಟ್ ಸ್ಪೋರ್ಟ್ 4ಎಸ್ಸಾ?

ಚಿಕ್ಕಬಳ್ಳಾಪುರದ ಕಡೆ ಡಿಸೆಂಬರ್, ಜನವರಿಯ ಬೆಳಗಿನ ಜಾವ ಗಾಡಿ ತೆಗೆಯೋರು ಸೆಮಿ-ಸ್ಲಿಕ್ ಟೈರಿಗೆ, ಅಂದರೆ ರೇಸ್ ಟ್ರ್ಯಾಕಿಗೆಂದು ಮಾಡಿದ, ಗೆರೆ ಕಮ್ಮಿಯಿರುವ ಮೆತ್ತನೆ ರಬ್ಬರಿನ ಟೈರಿಗೆ, ದುಡ್ಡು ಹಾಕಲೇಬಾರದು. ಮಸ್ಟಾಂಗ್ ಜಿಟಿಯ ಹಾಗೆ ಐದು ಲೀಟರ್ ವಿ8ರ ಶಕ್ತಿಯೆಲ್ಲ ಹಿಂದಿನ ಎರಡು ಚಕ್ರಕ್ಕೇ ಹೋಗುವ ಗಾಡಿಗೆ ಅದನ್ನೂ, ಮಿಶೆಲಿನ್ ಕಂಪನಿಯ ರಸ್ತೆ ಟೈರಾದ ಪೈಲಟ್ ಸ್ಪೋರ್ಟ್ 4ಎಸ್ ಅನ್ನೂ ಹಾಕಿ, ಇದೇ ರಸ್ತೆಯಲ್ಲಿ ಓಡಿಸಿ ನೋಡಿದ ಮೇಲಿನ ಮಾತಿದು. ಸೆಮಿ-ಸ್ಲಿಕ್ ತಪ್ಪು ಖರೀದಿ.

ಮಧ್ಯಾಹ್ನದ ಬಿಸಿಲು, ಒಣ ರಸ್ತೆ ಅಂದರೆ ಸೆಮಿ-ಸ್ಲಿಕ್ಕೇ ಮೇಲು. ಸದ್ದು ಅದರದ್ದೇ ಜಾಸ್ತಿ.

ಎಡವಟ್ಟು ಇರೋದು ಬೆಟ್ಟ ಇಳಿಯುವಾಗ. ಹೆದ್ದಾರಿ 44ರಲ್ಲಿ ಬಂದು ಘಾಟಿ ಹತ್ತುವಷ್ಟರಲ್ಲಿ ಟೈರು ಬೆಚ್ಚಗಾಗಿ ಹಿಡಿತ ಸಿಕ್ಕಿರುತ್ತದೆ, ಓಡಿಸೋರಿಗೆ ಧೈರ್ಯವೂ ಬಂದಿರುತ್ತದೆ. ಮೇಲೆ, 1478 ಮೀಟರ್ ಎತ್ತರದಲ್ಲಿ, ಸೂರ್ಯ ಹುಟ್ಟೋದು ನೋಡುತ್ತಾ ಒಂದೂವರೆ ಗಂಟೆ ನಿಂತರೆ ರಬ್ಬರು ಪೂರ್ತಿ ತಣ್ಣಗಾಗುತ್ತದೆ. ಬಿಸಿಲಲ್ಲಿ ಉಗುರು ಒತ್ತಿದರೆ ಗುರುತು ಬೀಳುವ ಸೆಮಿ-ಸ್ಲಿಕ್ ಆ ಹೊತ್ತಿಗೆ ಹಲಗೆಯಂತಿರುತ್ತದೆ. ಚೆನ್ನಾಗಿ ಬಿಸಿಯೇರಿದರೇನೇ ಅದು ಅಂಟೋದು, ಇಳಿಯಲು ಶುರು ಮಾಡಿದರೆ ಬರೀ ತಿರುವು, ಬಿಸಿಯೇರಿಸಲು ಜಾಗವೇ ಇಲ್ಲ.

ರಸ್ತೆಯೆಲ್ಲ ಒದ್ದೆಯಿದ್ದರೆ ಹುಷಾರಾಗಿಯಾದರೂ ಇರಬಹುದು. ಇಲ್ಲಿ ಮರದ ಕೆಳಗೆ ಮಾತ್ರ ಒದ್ದೆ. ಎಲೆಗೆ ಕೂತ ಮಂಜು ತೊಟ್ಟಿಕ್ಕಿ, ಬಿದ್ದ ಎಲೆಗಳು ನೆಂದು, ಒಂದೇ ತಿರುವಿನಲ್ಲಿ ಒಂದು ಚಕ್ರ ಒಣ ಡಾಂಬರಿನ ಮೇಲೆ, ಇನ್ನೊಂದು ಲೋಳೆಯ ಮೇಲೆ.

ಇಳಿಜಾರಿನಲ್ಲಿ ತೂಕ ಮುಂದಕ್ಕೆ ಬಿದ್ದು ಹಿಂಭಾಗ ಹಗುರಾಗಿರುತ್ತದೆ. ಆಗ ತಿರುವಿನ ಮಧ್ಯೆ ಸ್ಟೀರಿಂಗ್ ಹಿಂದಿನ ಗೇರ್ ಪ್ಯಾಡಲ್ ಎಳೆದು ಎರಡನೇ ಗೇರಿಗೆ ಇಳಿಸಿದರೆ ಇಂಜಿನ್ ಗಾಡಿಯನ್ನು ತಡೆಯುವ ಬಲವೆಲ್ಲ ಆ ಹಗುರಾದ ಚಕ್ರಗಳ ಮೇಲೇ ಬೀಳುತ್ತದೆ. ಸೆಮಿ-ಸ್ಲಿಕ್ ಇದ್ದರೆ ಯಾವ ಮುನ್ಸೂಚನೆಯೂ ಇಲ್ಲದೆ ಗಾಡಿಯ ಹಿಂಭಾಗ ಪಕ್ಕಕ್ಕೆ ಬೀಸುತ್ತದೆ. 4ಎಸ್ ಮೊದಲು ಸ್ವಲ್ಪ ಅಲುಗಾಡಿ ಹೇಳುತ್ತದೆ, ಸರಿಪಡಿಸಲು ಅರೆಕ್ಷಣ ಸಿಗುತ್ತದೆ. ಆ ಅರೆಕ್ಷಣಕ್ಕೇ ನಾನು ದುಡ್ಡು ಕೊಡೋದು. ಟೈರು ಯಾವುದೇ ಇರಲಿ, ಗಾಡಿಯಲ್ಲಿರುವ ವೆಟ್ ಮೋಡ್ (ಒದ್ದೆ ರಸ್ತೆಯ ಸೆಟ್ಟಿಂಗ್) ಹಾಕಿ. ಬ್ರೇಕು, ಗೇರು ಎರಡನ್ನೂ ನೇರ ರಸ್ತೆಯಲ್ಲೇ ಮುಗಿಸಿ, ಸ್ಟೀರಿಂಗ್ ನೇರವಾಗುವ ತನಕ ಆಕ್ಸಿಲರೇಟರ್ ಒತ್ತಬೇಡಿ. ಹಿಂಭಾಗ ಜಾರಿದರೆ ಆಕ್ಸಿಲರೇಟರಿನಿಂದ ಕಾಲು ಥಟ್ಟನೆ ಎತ್ತಬೇಡಿ, ಮೆಲ್ಲಗೆ ಸಡಿಲಿಸಿ, ಗಾಡಿ ಹೋಗಬೇಕಾದ ಕಡೆಗೇ ಕಣ್ಣಿಡಿ.

ಟೈರಿನ ಗಾಳಿ: ಸುಮಾರು 5–6 ಡಿಗ್ರಿ ತಣ್ಣಗಾದರೆ ಒತ್ತಡ ಒಂದು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಳಿಯುತ್ತದೆ. 30 ಡಿಗ್ರಿ ಬಿಸಿಲಲ್ಲಿ 35 ತುಂಬಿಸಿದ್ದು ಬೆಳಗಿನ 13 ಡಿಗ್ರಿಯಲ್ಲಿ 32. ಮನೆಯಲ್ಲೇ ಗೇಜ್ ಇಟ್ಟುಕೊಂಡು, ಗಾಡಿ ತೆಗೆಯುವ ಮುಂಚೆ ನೋಡಿ.

ಊರೊಳಗಿನ ರಸ್ತೆಯಲ್ಲಿ ಒಕ್ಕಣೆಗೆ ಹರಡಿದ ರಾಗಿ, ಹುರುಳಿ ಮೇಲೆ ಎರಡೂ ಸೋಲುತ್ತವೆ. ಕಾಳು ಗೋಲಿಯಂತೆ ಉರುಳುತ್ತದೆ. ಪಕ್ಕದಲ್ಲಿ ಜಾಗವಿದ್ದರೆ ಬಳಸಿಕೊಂಡು ಹೋಗಿ, ತಗ್ಗಿನ ಗಾಡಿಯ ಬಿಸಿ ಸೈಲೆನ್ಸರಿಗೆ ಒಣ ಹುಲ್ಲು ಸುತ್ತಿಕೊಂಡರೆ ಬೆಂಕಿಯೂ ಹತ್ತಬಹುದು.

ತಿಂಗಳಿಗೆರಡು ಸಲ ಬೆಟ್ಟ, ಟ್ರ್ಯಾಕ್ ಅಪರೂಪ, ಇರೋದು ಒಂದೇ ಸೆಟ್ ಟೈರಿನ ಬಜೆಟ್: ಈ ಲೆಕ್ಕಕ್ಕೆ 4ಎಸ್ಸೇ. ಸೆಮಿ-ಸ್ಲಿಕ್ ಬೇಗ ಸವೆಯುತ್ತದೆ, ಬೇಕೇ ಬೇಕೆಂದರೆ ಬೇರೆ ರಿಮ್ಮಿಗೆ ಹಾಕಿಟ್ಟುಕೊಳ್ಳಿ. ವಿಂಟರ್ ಟೈರು 7 ಡಿಗ್ರಿಗಿಂತ ಕೆಳಗಿನ ಊರುಗಳಿಗೆ, ನಮಗೆ ಬೇಡ. ಕೊಳ್ಳುವಾಗ ಟೈರಿನ ಪಕ್ಕದ ಗೋಡೆಯ ಮೇಲಿರುವ ಡಾಟ್ (DOT) ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದಿ: 2324 ಅಂದರೆ 2024ರ 23ನೇ ವಾರ ತಯಾರಾದದ್ದು. ಈ ಅಳತೆಯ ಟೈರು ಅಂಗಡಿಯಲ್ಲಿ ಬೇಗ ಖರ್ಚಾಗೋದಿಲ್ಲ, ಹಳೇ ಮಾಲು ಕೈಗೆ ಬರಬಹುದು, ನಾಲ್ಕನ್ನೂ ತಿರುಗಿಸಿ ನೋಡಿ.