ಹಸಿರು ಪಟ್ಟಿ ನಂಬಿ ಕೆಟ್ಟೆ: ಸ್ಪ್ಲಿಟ್ ಟೆಸ್ಟಿಂಗ್ ಟೂಲ್ ಜೊತೆ ಎರಡು ವರ್ಷ

ಒಂದೇ ಪೇಜಿನ ಎರಡು ರೂಪ ಹೋಲಿಸಿ ಯಾವುದು ಮೇಲು ಅಂತ ನೋಡುವ ಟೂಲ್ ಗೂಗಲ್ ಆಪ್ಟಿಮೈಸ್ 2023ರ ಸೆಪ್ಟೆಂಬರ್ 30ಕ್ಕೆ ನಿಂತಿತು. ಆಮೇಲೆ ದುಡ್ಡು ಕೊಟ್ಟು ಬೇರೊಂದು ಟೂಲ್ ತಗೊಂಡೆ. ನಮ್ಮದು ಆನ್‌ಲೈನ್ ಕೋರ್ಸ್ ಮಾರುವ ಸಣ್ಣ ತಂಡ. ಬಂದವರಲ್ಲಿ ಅರ್ಧ ಜನರಿಗೆ ಹಳೇ ಪೇಜ್ (ಎ), ಅರ್ಧ ಜನರಿಗೆ ಹೊಸದು (ಬಿ). ಸೆಟಪ್ ಹತ್ತು ನಿಮಿಷದ ಕೆಲಸ, ಕೋಡ್ ಬರಬೇಕಂತಿಲ್ಲ.

ತೊಂದರೆ ಶುರುವಾಗಿದ್ದು ಡ್ಯಾಶ್‌ಬೋರ್ಡಿನಿಂದ. ಮೂರನೇ ದಿನಕ್ಕೇ ‘ಬಿ ಗೆದ್ದಿದೆ, 95% ಖಚಿತ’ ಅಂತ ಹಸಿರು ಪಟ್ಟಿ ಬರುತ್ತದೆ. ನಾನೋ ದಿನಕ್ಕೆ ನಾಲ್ಕು ಸಲ ಇಣುಕುವವನು. ಹಸಿರು ಕಂಡ ಕೂಡಲೇ ಟೆಸ್ಟ್ ನಿಲ್ಲಿಸಿ ಹೊಸ ಪೇಜ್ ಹಾಕಿಬಿಡುತ್ತಿದ್ದೆ. ಮೊದಲ ವರ್ಷ ಹೀಗೆ ಒಂಬತ್ತು ಟೆಸ್ಟ್ ಗೆದ್ದೆ. ಸೈನ್‌ಅಪ್ ಮಾತ್ರ ಇದ್ದಲ್ಲೇ ಇತ್ತು.

ತಲೆ ಕೆಟ್ಟು ಒಂದೇ ಪೇಜನ್ನು ಎ ಅಂತಲೂ ಬಿ ಅಂತಲೂ ಹಾಕಿದೆ. ಒಂದಕ್ಷರ ವ್ಯತ್ಯಾಸವಿಲ್ಲ. ಐದನೇ ದಿನ ಬಿ ಗೆದ್ದಿತು! ಆ 95% ಲೆಕ್ಕ ಕೊನೆಗೆ ಒಂದೇ ಸಲ ನೋಡುವವರಿಗೆ. ಮತ್ತೆ ಮತ್ತೆ ಇಣುಕಿ, ಬೇಕಾದಾಗ ನಿಲ್ಲಿಸಿದರೆ ಸುಳ್ಳು ಗೆಲುವು ಜಾಸ್ತಿಯಾಗುತ್ತದೆ. ಟೂಲ್ ಇದನ್ನು ಎಲ್ಲೂ ಎದ್ದು ಕಾಣುವ ಹಾಗೆ ಹೇಳುವುದಿಲ್ಲ.

ಆಮೇಲೆ ಕೂತು ಲೆಕ್ಕ ಹಾಕಿದೆ. 2% ಇರುವ ಕನ್ವರ್ಶನ್ (ಬಂದವರಲ್ಲಿ ಸೈನ್‌ಅಪ್ ಆಗುವವರ ಪಾಲು) 2.4% ಆಯಿತಾ ಅಂತ ನಂಬಿಕೆಯಿಂದ ಹೇಳಲು ಒಂದೊಂದು ಪೇಜಿಗೂ ಸುಮಾರು 21,000 ಜನ ಬೇಕು. ನಮಗೆ ಬರುವವರು ವಾರಕ್ಕೆ 6,000. ಎರಡು ಪೇಜಿಗೆ 42,000 ಜನ, ಅಂದರೆ ಏಳು ವಾರ! ಬಟನ್ ಬಣ್ಣ ಬದಲಿಸಿ ನೋಡುವಂಥ ಆಟ ಅಲ್ಲಿಗೇ ಬಿಟ್ಟೆ.

ಫಾರ್ಮಿನಿಂದ ಫೋನ್ ನಂಬರ್ ಕೇಳುವ ಬಾಕ್ಸ್ ತೆಗೆದದ್ದು ಮೊದಲ ನಿಜವಾದ ಗೆಲುವು. ಎರಡನೇ ವಾರ ಅದು ಹಿಂದೆ ಬಿದ್ದಿತ್ತು. ಹಳೇ ಚಾಳಿಯಾಗಿದ್ದರೆ ಅವತ್ತೇ ಕಿತ್ತು ಹಾಕುತ್ತಿದ್ದೆ. ಏಳನೇ ವಾರಕ್ಕೆ 2.1% ಇದ್ದದ್ದು 2.7%. ಖುಷಿ ಎರಡು ದಿನವೂ ಇರಲಿಲ್ಲ. ನಂಬರೇ ಇಲ್ಲದೆ ಯಾರಿಗೆ ಫೋನ್ ಮಾಡೋದು ಅಂತ ಸೇಲ್ಸ್‌ನವರು ಗೊಣಗಿದರು. ನೋಡಿದರೆ ಫೀಸ್ ಕಟ್ಟಿದವರು ಹೆಚ್ಚಾಗಿರಲೇ ಇಲ್ಲ. ಈಗ ಸೈನ್‌ಅಪ್ ಬಿಟ್ಟು ಫೀಸ್ ಕಟ್ಟುವುದನ್ನೇ ಗುರಿ ಇಟ್ಟಿದ್ದೇನೆ. ಕಾಯುವುದು ಇನ್ನೂ ಜಾಸ್ತಿ, ಅಷ್ಟೇ.

ಇನ್ನೆರಡು ಕಿರಿಕಿರಿ. ನೆಟ್ ನಿಧಾನವಿದ್ದರೆ ಹಳೇ ಪೇಜ್ ಮಿಂಚಿ ಮಾಯವಾಗಿ ಹೊಸದು ಬರುತ್ತದೆ. ಸಫಾರಿ ಬ್ರೌಸರಿನಲ್ಲಿ ಇಂಥ ಸ್ಕ್ರಿಪ್ಟ್ ಇಟ್ಟ ಕುಕಿ (ಯಾರಿಗೆ ಯಾವ ಪೇಜ್ ತೋರಿಸಿತ್ತು ಅನ್ನುವ ಗುರುತು) 7 ದಿನಕ್ಕೇ ಅಳಿಯುತ್ತದೆ. ಹತ್ತು ದಿನ ಬಿಟ್ಟು ಬಂದವರು ಹೊಸಬರ ಲೆಕ್ಕಕ್ಕೆ ಸೇರುತ್ತಾರೆ, ಎ ನೋಡಿದವರಿಗೆ ಬಿ ಕಾಣಬಹುದು.

ಆದರೂ ಮೊನ್ನೆ ರಿನ್ಯೂ ಮಾಡಿದೆ. ‘ನಿಮ್ಮ ಟೆಸ್ಟ್ ಗೆದ್ದಿದೆ’ ಅನ್ನುವ ಇಮೇಲ್ ಅಲರ್ಟ್ ಮಾತ್ರ ಆಫ್.